ಉಪ್ಪಿನಕಾಯಿ ಜಾಡಿಯಲ್ಲಿ ಸಮುದ್ರ

ಹೋದ ವಾರ ಟೇಬಲ್ ಫ್ಯಾನಿನ ರೆಕ್ಕೆ ಹುಡುಕ್ಕೊಂಡು ಅಟ್ಟ ಹತ್ತಿದ್ದೆ. ಈ ವಯಸ್ಸಲ್ಲಿ ಅಟ್ಟ ಹತ್ತಬಾರದು ಅಂತ ಮನೆಯವಳ ಆಜ್ಞೆ ಇದೆ, ಅದಕ್ಕೇ ಅವಳು ತರಕಾರಿಗೆ ಹೋದಾಗ ಹತ್ತಿದ್ದು. ರೆಕ್ಕೆ ಸಿಗಲಿಲ್ಲ. ಅಟ್ಟದ ಗುಣವೇ ಅದು, ಕೇಳಿದ್ದನ್ನ ಕೊಡಲ್ಲ, ಕೇಳದೇ ಇದ್ದದ್ದನ್ನ ತಲೆ ಮೇಲೆ ಕೆಡವುತ್ತೆ. ನನ್ನ ತಲೆ ಮೇಲೆ ಬಿದ್ದದ್ದು ಹಳೇ ರವಿಕೆ ಕಣದಲ್ಲಿ ಸುತ್ತಿಟ್ಟಿದ್ದ ಒಂದು ಲ್ಯಾಕ್ಟೋಮೀಟರು. ಹಾಲಿಗೆ ನೀರು ಬೆರೆಸಿದಾರೋ ಇಲ್ಲವೋ ಅಂತ ನೋಡೋಕೆ ಡೈರಿಯವರು ಹಾಲಲ್ಲಿ ತೇಲಿಬಿಡ್ತಾರಲ್ಲ, ಆ ಗಾಜಿನ ಕಡ್ಡಿ. ಕೆಳಗೆ ದಪ್ಪ ಬುರುಡೆ, ಮೇಲೆ ಸಣ್ಣ ಕತ್ತು. ಕತ್ತಿನ ಮೇಲೆ ಉಗುರುಬಣ್ಣದಲ್ಲಿ ಎಳೆದ ಒಂದು ಗುಲಾಬಿ ಗೆರೆ.

ನಮ್ಮ ಮನೇಲಿ ಯಾವತ್ತೂ ಹಸು ಕಟ್ಟಿಲ್ಲ, ಎಮ್ಮೆ ಕಟ್ಟಿಲ್ಲ. ಈ ಕಡ್ಡಿ ನಮ್ಮಲ್ಲಿ ಅಳೆದದ್ದು ಹಾಲನ್ನಲ್ಲ, ಸಮುದ್ರವನ್ನ. ತುಮಕೂರಲ್ಲಿ ಸಮುದ್ರ ಎಲ್ಲಿಂದ ಬಂತು ಮಾರಾಯ ಅಂತ ನಗಬೇಡಿ. ಬಂದಿತ್ತು. ನಾನೇ ತಂದಿದ್ದೆ, ಬಸ್ಸಿನ ಟಾಪ್ ಮೇಲೆ ಹಾಕ್ಕೊಂಡು.

ಬಟವಾಡಿಯಲ್ಲಿ ಬಿ.ಎಚ್. ರಸ್ತೆಗೆ ಮುಖ ಮಾಡಿ ನಮ್ಮದೊಂದು ಗಾಜಿನಂಗಡಿ ಇತ್ತು. ದೇವರ ಫೋಟೋಗೆ ಕಟ್ಟು, ಕಿಟಕಿಗೆ ಗಾಜು, ಸಲೂನಿಗೆ ಕನ್ನಡಿ. ಅಪ್ಪ ಬೇಗ ಹೋಗಿಬಿಟ್ರು. ಆಮೇಲೆ ಅಂಗಡಿ ಹಿಡಿದು ನಿಲ್ಲಿಸಿದ್ದು ಅವ್ವ. ಹೆಬ್ಬೂರಿನ ಹೆಣ್ಣುಮಗಳು, ಹಣೆ ತುಂಬ ವಿಭೂತಿ, ಕೈಯಲ್ಲಿ ವಜ್ರದ ಮೊನೆ. ಆಕೆ ಗಾಜಿನ ಮೇಲೆ ಗೀಟು ಎಳೆದು ಟಕ್ ಅಂತ ಮುರಿದರೆ ಅಂಚಲ್ಲಿ ಒಂದು ಚೂರು ಏಳ್ತಿರಲಿಲ್ಲ. ನಾನು ಮುರಿದರೆ ಮೂರು ಗಾಜಾಗ್ತಿತ್ತು.

ಆದರೆ ಮೀನಿನ ಹುಚ್ಚು ಮಾತ್ರ ನನ್ನದೇ, ಅದಕ್ಕೆ ಅವ್ವನ್ನ ದೂರೋ ಹಾಗಿಲ್ಲ. ಚಿಕ್ಕವನಿದ್ದಾಗ ಗೂಳೂರಿನ ಕೆರೆಯಿಂದ ಹಾರ್ಲಿಕ್ಸ್ ಬಾಟ್ಲಿ ತುಂಬ ಮೀನುಮರಿ ಹಿಡಿದು ತಂದು ದೇವರ ಗೂಡಿನ ಪಕ್ಕ ಇಟ್ಟಿದ್ದೆ. ದಿನಾ ಅನ್ನದಗುಳು ಹಾಕಿ ಸಾಕಿದೆ. ಅವು ನೋಡ್ತಾ ನೋಡ್ತಾ ಕಾಲು ಬಿಟ್ಟವು. ಒಂದು ಸೋಮವಾರ ಅವ್ವ ಕಣ್ಮುಚ್ಚಿ ಪೂಜೆಗೆ ಕೂತಿದ್ದಾಗ ನನ್ನ ಮೀನುಗಳೆಲ್ಲ ಕಪ್ಪೆಯಾಗಿ ವಿಭೂತಿ ಗಟ್ಟಿ ಮೇಲೆ ನೆಗೆದವು. ಆವತ್ತು ಬಿದ್ದ ಏಟು ಬೆನ್ನಿಗೆ ಮರೆತುಹೋಗಿದೆ, ಮನಸ್ಸಿಗೆ ಹೋಗಿಲ್ಲ. ದೊಡ್ಡವನಾದ ಮೇಲೆ ಅಂಗಡೀಲಿ ಉಳಿದ ಗಾಜಿನಲ್ಲಿ ಮೀನಿನ ತೊಟ್ಟಿ ಮಾಡೋಕೆ ಶುರು ಮಾಡಿದೆ. ಊರಿನ ಡಾಕ್ಟರುಗಳು ರೋಗಿಗಳು ಕಾಯೋ ಕೋಣೇಲಿ ಇಟ್ಕೊಳ್ಳೋಕೆ ಕೊಂಡುಕೊಳ್ಳೋರು. ಎಲ್ಲ ಸಿಹಿನೀರಿನ ಕೆಂಪು ಮೀನು. ಅಷ್ಟಕ್ಕೇ ನಾನು ದೊಡ್ಡ ಪಂಡಿತ ಅಂದ್ಕೊಂಡಿದ್ದೆ.

ಇಂಥ ಪಂಡಿತನನ್ನ ಮದುವೆಯಾದವಳು ಸುಮತಿ. ಅವಳದು ಹೊನ್ನಾವರ. ಅವರಪ್ಪ ಕರೆಂಟಿನ ಇಲಾಖೇಲಿದ್ದು, ರಿಟೈರಾಗೋ ಮುಂಚೆ ಕೊನೇ ವರ್ಷ ಕುಣಿಗಲ್ಲಿಗೆ ವರ್ಗವಾಗಿ ಬಂದಿದ್ರು. ಅವರ ಕ್ವಾರ್ಟರ್ಸಿನ ಕಿಟಕಿಗೆ ಗಾಜು ಹಾಕೋಕೆ ನಾನು ಹೋದೆ. ಅರ್ಧ ದಿನದ ಕೆಲಸ. ಆದರೆ ಅಳತೆ ತಪ್ಪಿತು ಅಂತ ಒಂದು ಸಲ, ಪುಟ್ಟಿ ಒಣಗಿದೆಯಾ ನೋಡ್ತೀನಿ ಅಂತ ಇನ್ನೊಂದು ಸಲ, ಹೀಗೆ ಕುಣಿಗಲ್ಲಿಗೆ ಹೋಗ್ತಾನೇ ಇದ್ದೆ. "ಗಾಜು ಹಾಕೂಕೆ ಇಷ್ಟು ದಿನ ಬೇಕಾ?" ಅಂತ ಅವಳೇ ಒಂದು ದಿನ ನಕ್ಕು ಕೇಳಿದ್ಲು. ಅಲ್ಲಿಗೆ ಕೆಲಸ ಮುಗೀತು.

ಅವರ ಮನೇಲಿ ಮೀನು ತಿಂತಾರೆ ಅಂತ ಗೊತ್ತಾದಾಗ ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ, "ಇಲ್ಲಿ ಬಂದ್ಮೇಲೆ ತಿನ್ನಲ್ಲ ಅಂದ್ರೆ ಆಯ್ತು ಬುಡು, ಹುಡ್ಗಿ ಲಕ್ಷಣವಾಗವ್ಳೆ" ಅಂದ್ಲು. ಸುಮತಿ ಮೀನನ್ನ ಬಿಟ್ಟಳು. ಸಮುದ್ರವನ್ನ ಬಿಡೋಕೆ ಮಾತ್ರ ಅವಳ ಕೈಲಾಗಲಿಲ್ಲ. ಸಂಜೆ ಆದರೆ ಅಂಗಡಿ ಮೆಟ್ಟಿಲ ಮೇಲೆ ಕೂತು ಪಡುವಲ ಕಡೆ ನೋಡೋಳು. ಯಾಕವ್ವಾ ಮುಖ ಸಣ್ಣದು ಮಾಡ್ಕೊಂಡಿದೀಯ ಅಂತ ಅವ್ವ ಕೇಳಿದ್ರೆ, "ಎಂತ ಇಲ್ಲ ಅತ್ತೆ, ಇಲ್ಲಿ ಸಮುದ್ರ ಇಲ್ಲ ಅಲ್ದಾ" ಅನ್ನೋಳು.

"ಅಷ್ಟೇನಾ! ಅಮಾನಿಕೆರೆ ಐತಲ್ಲ, ಹೋಗಿ ನೋಡ್ಕೊಂಡು ಬಾ. ಅದೂ ನೀರೇಯ" ಅಂದ್ಲು ಅವ್ವ. ಅವ್ವ ಹುಟ್ಟಿದಾಗಿಂದ ಸಮುದ್ರ ನೋಡಿದವಳಲ್ಲ.

ಒಂದು ಸಂಜೆ ಸುಮತಿ ರಸ್ತೆ ತೋರಿಸಿ ನನ್ನ ಕೇಳಿದ್ಲು, "ರೀ, ಬಿ.ಎಚ್. ರೋಡು ಅಂದ್ರೆ ಎಂತದು?" ನಾನು ಹುಟ್ಟಿ ಬೆಳೆದ ರಸ್ತೆ. ಬೆಂಗಳೂರು ಅಂತ ಶುರು ಮಾಡಿ 'ಎಚ್'ಗೆ ಬಂದು ನಿಂತೆ. "ಹೊನ್ನಾವರ ರೀ! ನಮ್ಮೂರು!" ಅಂದ್ಲು. ಇಪ್ಪತ್ತೇಳು ವರ್ಷ ಆ ರಸ್ತೆ ಧೂಳು ಕುಡಿದಿದ್ದೀನಿ, ಅದು ನೆಟ್ಟಗೆ ಹೋಗಿ ಸಮುದ್ರಕ್ಕೆ ಬೀಳುತ್ತೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ. ಅವಳ ಜೊತೆ ತವರಿಗೆ ಹೋಗುವಾಗೆಲ್ಲ ನೋಡಿದ್ದೀನಿ. ಬಸ್ಸು ಗೇರುಸೊಪ್ಪೆ ಘಟ್ಟ ಇಳಿಯೋಕೆ ಶುರು ಮಾಡಿದ್ರೆ ಸಾಕು, ಊರು ಇನ್ನೂ ಎಷ್ಟೋ ದೂರ ಇರುತ್ತೆ, ಇವಳು "ಮನೆ ಬಂತು" ಅಂತ ಸೀಟಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕ್ತಾಳೆ. ತುಮಕೂರಿಗೆ ವಾಪಸ್ ಬರುವಾಗ ಮಾತ್ರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು ಎಲ್ಲರೂ ಇಳಿದರೂ ಇವಳ ಚಪ್ಪಲಿ ಸಿಕ್ಕಿರ್ತಿರಲಿಲ್ಲ.

"ಆಯ್ತು ಬಿಡು, ಸಮುದ್ರನೇ ತಂದು ಇಟ್ಬಿಡ್ತೀನಿ" ಅಂದೆ. ಹೊಸದಾಗಿ ಮದುವೆಯಾದ ಗಂಡಸು ಇದಕ್ಕಿಂತ ದೊಡ್ಡ ಮಾತು ಆಡಿದ್ದೂ ಉಂಟು.

ಗುಬ್ಬಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳೋ ರುದ್ರೇಶ್ ಮೇಷ್ಟ್ರು ನನ್ನ ಸ್ನೇಹಿತರು. ಅವರ ಹತ್ರ ಒಂದು ಇಂಗ್ಲಿಷ್ ಪುಸ್ತಕ ಇತ್ತು. ಅದರಲ್ಲಿ ಹವಳದ ದಂಡೆಯ ಬಣ್ಣದ ಚಿತ್ರ. ಕೆಂಪು, ಹಳದಿ, ನೇರಳೆ, ಮಧ್ಯೆ ಪಟ್ಟೆ ಪಟ್ಟೆ ಮೀನು. ಇದನ್ನೇ ಮಾಡೋಣ ಅಂದೆ. ಮೇಷ್ಟ್ರು ಕನ್ನಡಕ ಏರಿಸಿ, "ಚಂದ್ರು, ತೊಟ್ಟಿ ಮಾಡೋದು ಸುಲಭ ಕಣ್ರೀ. ಅದರೊಳಗೆ ಜೀವ ಯಾವಾಗ ಬಿಡ್ಬೇಕು ಅನ್ನೋದೇ ಕಷ್ಟ ಅಂತ ಬರೆದಿದ್ದಾರೆ" ಅಂದ್ರು. ಆ ಪುಟವನ್ನ ಆಮೇಲೆ ಓದಿದ್ರಾಯ್ತು ಅಂದೆ ನಾನು.

ಹೊನ್ನಾವರದಿಂದ ನೀರು ತಂದ ಕಥೆ ಕೇಳಿ. ಎಣ್ಣೆ ಕ್ಯಾನುಗಳನ್ನ ತೊಳೆದು, ಸಮುದ್ರದ ನೀರು ತುಂಬಿ, ಬಸ್ಸಿನ ಟಾಪಿಗೆ ಕಟ್ಟಿದೆ. ಕಂಡಕ್ಟರ್ ಬಂದ.

"ಏನ್ರೀ ಅದು, ಸೀಮೆಎಣ್ಣೆನಾ? ಇಳಿಸ್ರೀ ಕೆಳಗೆ."

"ಸೀಮೆಎಣ್ಣೆ ಅಲ್ಲ ಸಾರ್, ಸಮುದ್ರದ ನೀರು."

"ನನ್ ಹತ್ರ ತಮಾಷೆ ಮಾಡ್ಬೇಡಿ. ಸಮುದ್ರದ ನೀರು ಯಾವನ್ರೀ ತಗೊಂಡೋಗ್ತಾನೆ?"

ಬೆರಳು ಅದ್ದಿ ನಾಲಿಗೆಗೆ ಇಟ್ಕೊಂಡ. ಥೂ ಅಂತ ಉಗಿದ. ಆಮೇಲೆ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಹುಷಾರಿಲ್ವಾ ಇವ್ರಿಗೆ?" ಅಂತ ಸುಮತಿಯನ್ನ ಕೇಳಿದ. ಅವಳು ಗಂಭೀರವಾಗಿ ಹೌದು ಅಂತ ತಲೆ ಆಡಿಸಿದ್ಲು. ಅನುಕಂಪದಿಂದ ಲಗೇಜು ಬಿಟ್ಟ.

ಮನೆಗೆ ಬಂದ್ರೆ ಬಾಗಿಲಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಸೊಸೆಗಲ್ಲ, ನೀರಿಗೆ. ಗಂಗಮ್ಮ ಮನೆಗೆ ಬಂದಾಗ ಸುಮ್ಮನೆ ಒಳಕ್ಕೆ ಕರ್ಕೊಳ್ಳೋಕೆ ಆಗುತ್ತಾ? ತೊಟ್ಟಿಗೆ ಹಚ್ಚಿದ್ದ ಸಿಲಿಕಾನು ಅಂಟು ಇನ್ನೂ ಒಣಗಿರಲಿಲ್ಲ. ಅಲ್ಲೀವರೆಗೂ ನೀರು ಎಣ್ಣೆ ಕ್ಯಾನಲ್ಲಿ ಇರೋದು ಅವ್ವನಿಗೆ ಸರಿ ಕಾಣಲಿಲ್ಲ. ಬಚ್ಚಲ ತಾಮ್ರದ ಹಂಡೆ ಇಳಿಸಿ, ಹುಣಿಸೆಹಣ್ಣು ಹಾಕಿ ಚಿನ್ನದ ಹಾಗೆ ಉಜ್ಜಿ, ನೀರನ್ನೆಲ್ಲ ಅದಕ್ಕೆ ಸುರಿದು, ಮೇಲೆ ಬಿಳೀ ಬಟ್ಟೆ ಕಟ್ಟಿದ್ಲು. ತಾಮ್ರಕ್ಕಿಂತ ಶುದ್ಧವಾದ ಪಾತ್ರೆ ನಮ್ಮ ಮನೇಲಿ ಇನ್ಯಾವುದೂ ಇರಲಿಲ್ಲ.

ತೊಟ್ಟಿ ಒಣಗಿತು. ನೀರು ತುಂಬಿದೆ. ಸುಮತಿ ಟಿಫನ್ ಬಾಕ್ಸಿನಲ್ಲಿ ಒಂದಷ್ಟು ಸಣ್ಣ ಏಡಿ ತಂದಿದ್ಲು. ಬಿಟ್ಟುಹೋದ ಶಂಖದೊಳಗೆ ಸಂಸಾರ ಹೂಡಿ, ಮನೆ ಹೊತ್ಕೊಂಡೇ ತಿರುಗ್ತಾವಲ್ಲ, ಅವು. ಸನ್ಯಾಸಿ ಏಡಿ ಅಂತ ಅದರ ಹೆಸರು ಅಂದ್ರು ಮೇಷ್ಟ್ರು. ಸನ್ಯಾಸಿ ಅಂದದ್ದೇ ತಡ, ಅವ್ವ ಸೆರಗು ಸರಿಮಾಡ್ಕೊಂಡ್ಲು. ಅವತ್ತಿಂದ ಅವಕ್ಕೆ ನಮ್ಮ ಮನೇಲಿ, ಮಠದ ಸ್ವಾಮಿಗಳನ್ನ ಕರೆಯೋ ಹಾಗೆ, 'ಬುದ್ಧಿಯೋರು' ಅಂತಲೇ ಹೆಸರು. ನಾನು ಒಂದು ಗಂಟೆ ಕೂಡ ಕಾಯದೆ ಬುದ್ಧಿಯವರನ್ನೆಲ್ಲ ನೀರಿಗೆ ಇಳಿಸಿದೆ. ಸುಮತಿ ಗಾಜಿಗೆ ಮೂಗು ಒತ್ತಿ ನಗ್ತಾ ಕೂತಿದ್ಲು. ಆ ನಗು ನೋಡಿದ್ರೆ ನೀವೂ ಕಾಯ್ತಿರಲಿಲ್ಲ.

ಮಾರನೇ ದಿನ ಒಂದು ಏಡಿ ಶಂಖ ಬಿಟ್ಟು ಬೆತ್ತಲೆ ಹೊರಗೆ ಬಂದು ಬಿದ್ದಿತ್ತು. ಅದರ ಮರುದಿನಕ್ಕೆ ಎಲ್ಲವೂ ಹೋದವು. ಸುಮತಿ ಅತ್ತಳು. ನಾನು ಅಳದವನ ಹಾಗೆ ಮುಖ ಮಾಡ್ಕೊಂಡು ಗುಬ್ಬಿಗೆ ಹೋದೆ. ಮೇಷ್ಟ್ರು ನಾನು ಓದದೇ ಬಿಟ್ಟ ಪುಟ ತೆಗೆದು, "ನೀರು ಹಣ್ಣಾಗಿರಲಿಲ್ಲ ಕಣ್ರೀ" ಅಂದ್ರು. ಹೊಸ ತೊಟ್ಟೀಲಿ ಜೀವಗಳ ಹೊಲಸು ಅವಕ್ಕೇ ವಿಷ ಆಗುತ್ತಂತೆ. ಆ ಹೊಲಸನ್ನ ತಿಂದು ಅರಗಿಸೋ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮೊದಲು ಬಂದು ನೆಲೆಸಬೇಕಂತೆ. ಅಲ್ಲೀವರೆಗೂ ತೊಟ್ಟಿಗೆ ಯಾವ ಜೀವವನ್ನೂ ಬಿಡದೆ ಗಾಳಿ ಪಂಪು ಮಾತ್ರ ಓಡ್ತಿರಬೇಕು. ಸರಿ, ಬೇಸಿಗೆಯೆಲ್ಲ ಪಂಪು ಬರೀ ನೀರಿಗೇ ಓಡಿತು. ಆರಿದಷ್ಟಕ್ಕೆ ಹಂಡೇಲಿ ಉಳಿದಿದ್ದ ಸಮುದ್ರವನ್ನೇ ಅವ್ವ ಚೊಂಬಲ್ಲಿ ತುಂಬಿಸ್ತಾ ಇದ್ಲು.

ಮಳೆ ಹಿಡಿಯೋ ಮುಂಚೆ ನನ್ನ ಮಾವ ಬಂದ್ರು. ತಂದದ್ದು ಎರಡು. ಒಂದು, ಮಗಳಿಗೆ ಅಂತ ತಂದ ಹೊಸ ಏಡಿಗಳು. ಇನ್ನೊಂದು ಸುದ್ದಿ, ಹೊನ್ನಾವರದ ಬಸ್‌ಸ್ಟ್ಯಾಂಡ್ ಎದುರು ಒಂದು ಅಂಗಡಿ ಖಾಲಿ ಆಗ್ತದೆ. ಅಲ್ಲಿ ಗಾಜಿನ ಕೆಲಸ ಬಲ್ಲವರೇ ಇಲ್ಲ. ಅಳಿಯ ಮಗಳು ಬಂದು ಇರಬಹುದು, ಬೀಗಿತ್ತಿಯವರೂ ಬರಲಿ. ದೀಪಾವಳಿಯೊಳಗೆ ಹೇಳಿದ್ರೆ ಸಾಕು. ಅವ್ವ ಅವರಿಗೆ ಇನ್ನೊಂದು ಒಬ್ಬಟ್ಟು ಹಾಕಿದ್ಲು. ಸುಮತಿ ತಲೆ ಎತ್ತಲಿಲ್ಲ. ಆದರೆ ಅವಳ ಕಿವಿ ಕೆಂಪಾಗಿದ್ದು ನಾನು ನೋಡಿದೆ. ಆಸೆ ಆದಾಗ ಅವಳ ಕಿವಿ ಕೆಂಪಾಗುತ್ತೆ. ಕುಣಿಗಲ್ಲಿನ ಕಿಟಕಿ ಪಕ್ಕ ನಿಂತು ಕಲಿತ ವಿದ್ಯೆ ಅದು.

ಮಾವ ಇದ್ದ ಎರಡೇ ದಿನದಲ್ಲಿ ಹೊಸ ಏಡಿಗಳೂ ಸತ್ತವು. ನೀರು ಹಣ್ಣಾಗಿದ್ದೂ ಸತ್ತವು. ಮಾವ ತೊಟ್ಟಿ ಮುಂದೆ ಕೂತು, ಬೇಜಾರಿನಲ್ಲೇ ಅಂದ್ರು, "ಎಂತ ಮಾಡೂದು. ಅಲ್ಲಿನ ಜೀವ ಇಲ್ಲಿ ಬಾಳೂದಿಲ್ಲ."

ಅವರು ಏಡಿ ವಿಷಯವೇ ಹೇಳಿದ್ದು. ಒಳ್ಳೇ ಮನುಷ್ಯ, ಇನ್ನೊಂದು ಅರ್ಥ ಅವರ ಮನಸ್ಸಲ್ಲಿ ಖಂಡಿತ ಇರಲಿಲ್ಲ. ಆದರೆ ಅವ್ವನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತುಬಿಡ್ತು. ಆ ಕ್ಷಣದಿಂದ, ಮೀನಿನ ವಾಸನೆಗೆ ಮೂಗು ಮುಚ್ಚೋ ನಮ್ಮವ್ವ, ಆ ತೊಟ್ಟಿಯನ್ನ ತನ್ನ ಕೈಗೆ ತಗೊಂಡ್ಲು. ಅಲ್ಲಿನ ಜೀವ ಇಲ್ಲಿ ಬಾಳಿದ್ರೆ ಸೊಸೆ ಇರ್ತಾಳೆ, ಸೊಸೆ ಇದ್ರೆ ಮಗ ಇರ್ತಾನೆ. ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. ಹೇಳೋದೇನು, ನಂಗೆ ಅವ್ವ ಗೊತ್ತಿಲ್ವಾ?

ಮಾವನನ್ನ ಬಸ್ಸು ಹತ್ತಿಸಿ ಬಂದ ದಿನವೇ ಅವ್ವ ಹಂಡೆ ತೊಳೆಯೋಕೆ ಕೂತಳು. ತಳದಲ್ಲಿ ಮಿಕ್ಕಿದ್ದ ಸಮುದ್ರ ಚೆಲ್ಲಿದ್ಲು. ಆಮೇಲೆ ಒಳಗಿಂದ ಸದ್ದೇ ಇಲ್ಲ. ಹೋಗಿ ನೋಡಿದ್ರೆ ಹಂಡೆಯೊಳಗೆ ತಲೆ ಹಾಕಿ ಕೂತಿದ್ದಾಳೆ.

"ಏನವ್ವಾ?"

"ಕಿಲುಬು ಕಣ್ಲಾ ಚಂದ್ರು." ಹಂಡೆ ಸುತ್ತ ಹಸಿರು ಗೆರೆ. "ಕಲಾಯಿ ಇಲ್ದಿರೋ ಪಾತ್ರೇಲಿ ಉಪ್ಪು ಹುಳಿ ಇಟ್ರೆ ಇಸ ಆಯ್ತದೆ ಅಂತ ಊರಿಗೆಲ್ಲ ಹೇಳೋಳು ನಾನು. ಮದ್ವೆ ಮನೇಲಿ ಅಡಿಗೆಯೋನ ಕೈಯಿಂದ ತಪ್ಪಲೆ ಕಿತ್ಕೊಂಡೋಳು ನಾನು. ಆ ಸಾಗರದಷ್ಟು ಉಪ್ಪು ತಂದು ತಾಮ್ರಕ್ಕೆ ಸುರಿದ್ನಲ್ಲೋ!"

ನೋಡಿ, ಮೇಷ್ಟ್ರ ಪುಸ್ತಕದಲ್ಲೂ ಅದು ಬರೆದಿತ್ತಂತೆ, ಇಂಥ ಜೀವಗಳಿಗೆ ತಾಮ್ರ ಎಳ್ಳಷ್ಟೂ ಆಗಲ್ಲ ಅಂತ. ಆದರೆ ಆ ಪುಸ್ತಕ ಬರೆದ ದೊರೆಗೆ ತುಮಕೂರಿನ ಬಚ್ಚಲಲ್ಲಿ ಹಂಡೆ ಇರುತ್ತೆ ಅಂತ ಗೊತ್ತಿರಲಿಲ್ಲ. ಮೇಷ್ಟ್ರಿಗೆ ನಮ್ಮ ಹಂಡೆ ವಿಷಯ ಗೊತ್ತಿರಲಿಲ್ಲ. ನಮಗೆ ಹಂಡೆ, ಉಪ್ಪು, ಕಿಲುಬು ಎಲ್ಲ ಗೊತ್ತಿತ್ತು, ಆದರೆ ಸಮುದ್ರದ ನೀರನ್ನ ನಾವ್ಯಾರೂ ಉಪ್ಪು ಅಂದ್ಕೊಂಡಿರಲಿಲ್ಲ. ಗಂಗಮ್ಮ ಅಂದ್ಕೊಂಡಿದ್ವಿ.

ಅವ್ವ ಅವತ್ತು ಊಟ ಮಾಡಲಿಲ್ಲ. "ನನ್ ಕೈಯಾರೆ ಸಾಯಿಸ್ದೆ, ಆ ಮಗೀಗೆ ಹೆಂಗೆ ಮುಖ ತೋರಿಸ್ಲಿ" ಅಂತ ಒಂದೇ ಹಲುಬಾಟ. ಸುಮತಿ ಬಂದು ಪಕ್ಕದಲ್ಲಿ ಕೂತು, ಹಂಡೆಯ ಹಸಿರನ್ನ ಬೆರಳಲ್ಲಿ ಸವರಿ ನೋಡಿ, ಇದ್ದಕ್ಕಿದ್ದ ಹಾಗೆ ನಗೋಕೆ ಶುರು ಮಾಡಿದ್ಲು. "ಅತ್ತೆ, ಹಾಗಾದ್ರೆ ನಿಮ್ಮೂರಿನ ತಪ್ಪಲ್ಲ, ಹಂಡೆ ತಪ್ಪು!" ಅಂದ್ಲು. ಅವ್ವ ಕಣ್ಣೊರೆಸಿಕೊಂಡು ಅವಳ ಮುಖ ನೋಡಿದ್ಲು. ಅತ್ತೆ ಸೊಸೆ ಇಬ್ಬರೂ ಸೇರಿ ಹಂಡೆಯನ್ನ ಬಯ್ಯೋಕೆ ಶುರು ಮಾಡಿದ್ರು. ನಂಗೆ ಅಲ್ಲಿ ಕೆಲಸ ಇರಲಿಲ್ಲ, ಅಂಗಡಿಗೆ ಹೋದೆ.

ತೊಟ್ಟೀಲಿದ್ದ ನೀರನ್ನೂ ಚೆಲ್ಲಿ ತೊಳೆದೆ. ಮತ್ತೆ ಹೊನ್ನಾವರ, ಮತ್ತೆ ಕ್ಯಾನು. ಈ ಸಲ ಅವ್ವ ಹಠ ಹಿಡಿದು, ತಂದ ನೀರು ತುಂಬಿಡೋಕೆ ಉಪ್ಪಿನಕಾಯಿ ಜಾಡಿಗಳನ್ನೇ ಖಾಲಿ ಮಾಡಿ ಕೊಟ್ಲು. ಆ ವರ್ಷದ ಮಿಡಿ ಮಾವಿನಕಾಯಿ ಬೀದಿಯವರಿಗೆಲ್ಲ ಹಂಚಿಹೋಯ್ತು. "ಉಪ್ಪು ಕಂಡು ಹೆದರ್ದಿರೋ ಪಾತ್ರೆ ಅಂದ್ರೆ ಇದೊಂದೇಯ" ಅಂದ್ಲು. ಬಟವಾಡಿಯ ನಡುಮನೇಲಿ ಪಿಂಗಾಣಿ ಜಾಡಿಗಳ ತುಂಬ ಅರಬ್ಬೀ ಸಮುದ್ರ ಸಾಲಾಗಿ ಕೂತಿತ್ತು. ಜೊತೆಗೆ, ಮೇಷ್ಟ್ರು ಹೇಳಿದ ಹಾಗೆ, ಕಡಲ ದಂಡೆಯ ಒಂದು ಬಂಡೆ ತುಂಡನ್ನ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದೆ. ಅದರ ಸಂದುಗಳಲ್ಲಿ ಕಣ್ಣಿಗೆ ಕಾಣೋ, ಕಾಣದ ಜೀವಗಳೆಲ್ಲ ಇರುತ್ತವಂತೆ, ಅವು ತೊಟ್ಟಿಗೆಲ್ಲ ಹರಡುತ್ತವಂತೆ.

"ಅಷ್ಟುದ್ದ ಯಾಕೆ ಹೇಳ್ತೀರಾ ಮೇಷ್ಟ್ರೇ, ಹೆಪ್ಪು ಅನ್ನಿ" ಅಂದ್ಲು ಅವ್ವ.

ಅಲ್ಲಿಂದ ಮುಂದೆ ನನ್ನ ಮಾತು ನಡೀಲಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತಾರೇನ್ಲಾ? ಮುಚ್ಚಳ ತೆಗೆದು ತೆಗೆದು ನೋಡ್ತಾರೇನ್ಲಾ? ನೀರು ಮೊದಲು ಬೆಳ್ಳಗೆ ಮಬ್ಬಾಯ್ತು. ನಾನು ಹೆದರಿದೆ, ಅವ್ವ ಸುಮ್ಮನಿರು ಅಂದ್ಲು. ತಿಳಿಯಾಯ್ತು. ನಾನು ಕುಣಿದೆ, ಅವ್ವ ಸುಮ್ಮನಿರು ಅಂದ್ಲು. ಗಾಜಿಗೆಲ್ಲ ಕಂದು ಬಣ್ಣದ ಲೋಳೆ ಹತ್ತಿತು. ಆಮೇಲೆ ಆ ಕಂದು ಹೋಗಿ ಬಂಡೆ ಮೇಲೆ ಎಳೇ ಹಸಿರು ಪಾಚಿ ಬಂತು. ಬೆಳಿಗ್ಗೆ ಪೂಜೆ ಮುಗಿಸಿದವಳೇ ತೊಟ್ಟಿ ಮೇಲೆ ಬಗ್ಗಿ ಮೂಸೋಳು. "ಇನ್ನೂ ಹಸಿ ವಾಸ್ನೆ ಐತೆ" ಅನ್ನೋಳು.

ಈ ಲ್ಯಾಕ್ಟೋಮೀಟರು ಬಂದದ್ದು ಆಗಲೇ. ನೀರು ಆರಿದ ಹಾಗೆ ಉಪ್ಪು ಗಟ್ಟಿಯಾಗುತ್ತೆ, ಸಿಹಿನೀರು ಬೆರೆಸಿ ಸಮ ಮಾಡಬೇಕು, ಆದರೆ ಎಷ್ಟು? ಮೇಷ್ಟ್ರ ಪುಸ್ತಕದಲ್ಲಿದ್ದ ಉಪಕರಣ ನಮ್ಮ ಕಡೆ ಯಾವ ಅಂಗಡೀಲೂ ಸಿಗಲಿಲ್ಲ. ಅವ್ವನ ತಮ್ಮ ಹೆಬ್ಬೂರಿನ ಡೈರೀಲಿ ಹಾಲು ಅಳೆಯೋ ಕೆಲಸದಲ್ಲಿದ್ದ. ಅವ್ವ ಈ ಕಡ್ಡೀನ ಅವನ ಹತ್ರ ಇಸ್ಕೊಂಡು ಬಂದು ಹೊಸ ಸಮುದ್ರದಲ್ಲಿ ತೇಲಿಬಿಟ್ಲು. ಒಳ್ಳೇ ಹಾಲಿಗೆ ಸ್ವಲ್ಪ ನೀರು ಬೆರೆಸಿದ್ರೆ ಎಲ್ಲಿಗೆ ನಿಲ್ಲುತ್ತೋ, ಕಡ್ಡಿ ಸರಿಯಾಗಿ ಅಲ್ಲಿ ನಿಂತಿತು. ಸುಮತಿ ತನ್ನ ಉಗುರುಬಣ್ಣ ತಂದು ಅಲ್ಲೊಂದು ಗೆರೆ ಎಳೆದ್ಲು. ಆ ಗೆರೆ ನೀರಿನ ಮಟ್ಟಕ್ಕೆ ಇರಬೇಕು. ಮೇಲೆ ಬಂದ್ರೆ ಒಂದು ಚೊಂಬು ಸಿಹಿನೀರು. ಅಷ್ಟೇ ಶಾಸ್ತ್ರ.

ಇಷ್ಟಾದ್ರೂ ತೊಟ್ಟೀಲಿ ಕಾಣೋ ಅಂಥ ಜೀವ ಒಂದೂ ಇಲ್ಲ. ಬೀದಿಯವರು ಬಂದು ಇಣುಕಿ, "ಮೀನೆಲ್ಲಿ?" ಅಂತ ಕೇಳಿ, ಒಂದು ಕಲ್ಲು ನೋಡಿಕೊಂಡು ಹೋಗೋರು. ಕಲ್ಲು ಸಾಕ್ತಿರೋ ಮನೆ ಅಂತ ಹೆಸರು ಬಿತ್ತು. ನಂಗೆ ಒಳಗೊಳಗೇ ಸಂಕಟ. ದೀಪಾವಳಿ ಹತ್ತಿರ ಬರ್ತಿದೆ, ಮಾವನಿಗೆ ಏನು ಹೇಳಲಿ? ಸುಮತಿಯನ್ನ ಕೇಳಿದ್ರೆ, "ನೀವು ಹೇಳಿದ ಹಾಗೆ" ಅಂತಾಳೆ. ಹೆಂಡತಿ ನೀವು ಹೇಳಿದ ಹಾಗೆ ಅಂದಳೋ, ಗಂಡ ಕೆಟ್ಟ ಅಂತಲೇ ಲೆಕ್ಕ.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಸುಮತಿ ಕೂಗಿದ್ಲು, "ಅತ್ತೆ, ಬನ್ನಿ, ಬನ್ನಿ!" ಗಾಜಿನ ಮೇಲೆ ಬಿಳೀ ಚುಕ್ಕೆಗಳು. ರಾಗಿಕಾಳಿಗಿಂತ ಸಣ್ಣವು. ದಿಟ್ಟಿಸಿ ನೋಡಿದ್ರೆ ಕುಪ್ಪಳಿಸ್ತಾ ಇವೆ! ಬಂಡೆಯ ಒಂದು ತೂತಿನಿಂದ ಎಳೇ ಗರಿಯಂಥ ಹುಳ ತಲೆ ಹಾಕಿದೆ. ಯಾರೂ ಬಿಟ್ಟದ್ದಲ್ಲ, ತಾವಾಗಿ ಎದ್ದು ಬಂದವು. ಅವ್ವ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ಲು. ಮೂಸಿದ್ಲು. "ಈಗ ಬುಡ್ಬೋದು" ಅಂದ್ಲು.

"ಹೆಂಗ್ ಹೇಳ್ತೀಯವ್ವಾ?"

"ಕರೀದೆ ಇರೋ ನೆಂಟ್ರೇ ಬಂದು ಕಾಲ್ನೀಡ್ಕೊಂಡು ಕೂತವ್ರೆ ಅಂದ್ರೆ ಮನೆ ವಾಸಕ್ಕೆ ಸೈ ಅಂತ್ಲೇ ಅಲ್ವೇನ್ಲಾ? ಆದ್ರೆ ಒಂದೇ ಬುಡು. ದಿಬ್ಬಣ ಇಳಿಸ್ಬೇಡ."

ಒಬ್ಬರೇ ಒಬ್ಬ ಬುದ್ಧಿಯವರು ದಯಮಾಡಿಸಿದ್ರು. ಹೊನ್ನಾವರದಿಂದ ಬರೋ ಲಾರಿಯವನ ಕೈಲಿ ಮಾವ ಕಳಿಸಿದ್ದು. ಮೊದಲ ದಿನ ಶಂಖದೊಳಗೆ ಬಾಗಿಲು ಹಾಕ್ಕೊಂಡಿದ್ರು. ಎರಡನೇ ದಿನ ಮೀಸೆ ಕಂಡಿತು. ಮೂರನೇ ದಿನ ಬಂಡೆ ಮೇಲೆ ಹತ್ತಿ ಪಾಚಿ ಕಿತ್ತು ತಿಂತಿದ್ರು. ಅವ್ವ ಕೈ ಮುಗಿದಳು. ಆಮೇಲೆ ಬೆರಳುದ್ದದ ಎರಡು ಬಂಡೆ ಮೀನು ಬಂದವು, ಆಮೇಲೆ ಒಂದು ಕಡಲಹೂವು, ಬಂಡೆಗೆ ಅಂಟಿಕೊಂಡು ಹೂವಿನ ಹಾಗೆ ಅರಳೋ ಪ್ರಾಣಿ. ಅವಕ್ಕೆ ಒಣಸಿಗಡಿ ಪುಡಿ ಬೇಕು. ಆ ಡಬ್ಬಿಯನ್ನ ಕಾಂಪೌಂಡ್ ಗೋಡೆ ಮೇಲೆ ಇಡೋದು, ಸುಮತಿ ಹಾಕುವಾಗ ಅವ್ವ ಮುಖ ಆ ಕಡೆ ತಿರುಗಿಸ್ಕೊಂಡೇ ಅವನ್ನ ಹಸಿವಾಗಿತ್ತೇನಪ್ಪಾ ಅಂತ ಕೇಳೋದು. ಕರೆಂಟು ಹೋಗಿ ಗಾಳಿ ಪಂಪು ನಿಂತರೆ ಅವ್ವ ಅದಕ್ಕಂತಲೇ ತಂದ ಹೊಸ ಕಡೆಗೋಲು ಹಿಡಿದು ತೊಟ್ಟಿ ಕಡೆಯೋಳು. "ದೇವ್ತೆಗಳೂ ರಾಕ್ಷಸ್ರೂ ಸೇರಿ ಕಡೆದಿದ್ನ ಈ ಮನೇಲಿ ನಾನೊಬ್ಳೇ ಕಡೀಬೇಕು" ಅಂತ ಗೊಣಗಿದ್ರೂ ಕೈ ನಿಲ್ಲಿಸ್ತಿರಲಿಲ್ಲ. ಪುಸ್ತಕದ ಚಿತ್ರದ ಕೆಂಪು ನೇರಳೆ ಯಾವುದೂ ನಮ್ಮಲ್ಲಿ ಬರಲಿಲ್ಲ. ಒಂದು ಬೂದುಬಣ್ಣದ ಬಂಡೆ, ಒಂದು ಏಡಿ, ಎರಡು ಮೀನು, ಒಂದು ಹೂವು. ನಮ್ಮ ಬೀದಿಗೆ ಟಿ.ವಿ. ಇನ್ನೂ ಬಂದಿರಲಿಲ್ಲ, ಸಂಜೆ ಆದ್ರೆ ಬಟವಾಡಿಯೆಲ್ಲ ನಮ್ಮ ನಡುಮನೇಲಿ.

ದೀಪಾವಳಿ ಬಂತು. ಮಾವ ಕಾಗದ ಹಾಕಿದ್ರು, ಅಂಗಡಿ ನೋಡಿಕೊಂಡು ಹೋಗಿ, ಬೀಗಿತ್ತಿಯವರನ್ನೂ ಕರಕೊಂಡು ಬನ್ನಿ ಅಂತ. ಮೇಷ್ಟ್ರನ್ನ ಕಡೆಗೋಲಿನ ಸಮೇತ ಮನೇಲಿ ಕಾವಲಿಟ್ಟು ಮೂರು ಜನ ಹೊರಟ್ವಿ. ಘಟ್ಟ ಇಳಿಯೋ ಅಷ್ಟೊತ್ತಿಗೆ ಸುಮತಿ ಎಂದಿನ ಹಾಗೆ ಚಪ್ಪಲಿ ಹುಡುಕೋಕೆ ಶುರು ಮಾಡಿದ್ಲು. ಅವ್ವ ಅದನ್ನ ನೋಡಿದ್ಲು, ಕಿಟಕಿ ಕಡೆ ತಿರುಗಿದ್ಲು.

ಅಂಗಡಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮದಕ್ಕಿಂತ ಅಗಲ. ಮಾವ ಖುಷಿಯಿಂದ ಗೋಡೆ ತಟ್ಟಿ ತಟ್ಟಿ ತೋರಿಸಿದ್ರು. ಸಂಜೆ ಅವ್ವನನ್ನ ಸಮುದ್ರಕ್ಕೆ ಕರ್ಕೊಂಡು ಹೋದ್ವಿ. ನಾನು ಆಕೆಯ ಮುಖವನ್ನೇ ನೋಡ್ತಿದ್ದೆ. ಹುಟ್ಟಿ ಅರವತ್ತು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡ್ತಿರೋಳು, ಏನು ಹೇಳ್ತಾಳೋ ಅಂತ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಚೀಲದಿಂದ ಹಾರ್ಲಿಕ್ಸ್ ಬಾಟ್ಲಿ ತೆಗೆದ್ಲು. ಅಲೆ ಹಿಂದಕ್ಕೆ ಹೋದಾಗ ಬಗ್ಗಿ ನೀರು ತುಂಬಿದ್ಲು. ರವಿಕೆ ಕಣ ಬಿಚ್ಚಿ ಲ್ಯಾಕ್ಟೋಮೀಟರು ತೆಗೆದು ತೇಲಿಬಿಟ್ಲು. ಗುಲಾಬಿ ಗೆರೆ ಬುಳುಕ್ ಅಂತ ನೀರೊಳಗೆ ಮುಳುಗಿತು.

ಅವ್ವ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು, ಡೈರಿ ಮುಂದೆ ನಿಂತವಳ ಹಾಗೆ ಮಾವನ ಕಡೆ ತಿರುಗಿ ಅಂದ್ಲು, "ನಿಮ್ ಸಮುದ್ರಕ್ಕೆ ಯಾರೋ ನೀರು ಬೆರ್ಸವ್ರೆ ಬೀಗ್ರೇ!"

ಮಳೆಗಾಲ ಮುಗಿದು ಶರಾವತಿ ತುಂಬಿ ಹರಿದು ಅಲ್ಲೇ ಪಕ್ಕದಲ್ಲಿ ಸಮುದ್ರ ಸೇರ್ತಿತ್ತು, ಅದಕ್ಕೇ ನೀರು ತೆಳುವಾಗಿತ್ತು. ಮಾವ ಹೊಟ್ಟೆ ಹಿಡ್ಕೊಂಡು ಮರಳಲ್ಲಿ ಕೂತುಬಿಟ್ರು. ಸುಮತಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ್ಲು. ನಗು ಮುಗಿದ ಮೇಲೆ ಮಾವ ಕೇಳಿದ್ರು, "ಹಾಗಾರೆ ಅಂಗಡಿ ಎಂತ ಮಾಡೂದು ಮಗಾ?"

"ಆಮೇಲೆ ಹೇಳ್ತೆ ಅಪ್ಪ" ಅಂದ್ಲು. ಅಷ್ಟೇ.

ವಾಪಸ್ ಬರೋ ಬಸ್ಸಲ್ಲಿ ನಾನು ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಆಮೇಲೆ ಅಂದ್ರೆ ಯಾವಾಗ? ಹೌದು ಅಂತಲೋ, ಇಲ್ಲ ಅಂತಲೋ? ಅವ್ವ ಕಿಟಕಿ ಪಕ್ಕ ತಲೆ ಒರಗಿಸಿ ಕೂತಿದ್ಲು. ನಿದ್ದೆ ಮಾಡ್ತಿರಲಿಲ್ಲ, ನಂಗೆ ಗೊತ್ತು. ಅರಸೀಕೆರೆ ಆಯ್ತು, ತಿಪಟೂರು ಆಯ್ತು. ಬೆಳಕು ಹರಿಯೋ ಹೊತ್ತಿಗೆ ಬಸ್ಸು ಗುಬ್ಬಿ ಸ್ಟ್ಯಾಂಡಿನಲ್ಲಿ ನಿಂತಿತು. ಕಾಫಿ ಮಾರೋನು ಕೂಗ್ತಿದ್ದ. ನಮ್ಮೂರು ಇನ್ನೂ ದೂರ ಇತ್ತು.

ಪಕ್ಕದಲ್ಲಿ ಏನೋ ಸರಸರ ಅಂತು. ಸುಮತಿ ಬಗ್ಗಿದ್ಲು, ಸೀಟಿನ ಕೆಳಗೆ ಕೈಯಾಡಿಸ್ತಾ ಇದ್ಲು.

"ಏನು ಬಿತ್ತವ್ವಾ?" ಅಂತ ಅವ್ವ ಕೇಳಿದ್ಲು.

"ಚಪ್ಪಲಿ ಅತ್ತೆ" ಅಂದ್ಲು. "ಏಳಿ, ಮನೆ ಬಂತು."